ಮಾತಾಡುತ್ತಿರುವ ಇಬ್ಬರು

ಪ್ರಶ್ನೆ ತಪ್ಪಾಗಿದೆ ಎಂದು ಆಲಿವ್ ಬರೆದಿದ್ದಳು. ಅಷ್ಟು ನೇರವಾಗಿ ಬರೆಯುವವಳಲ್ಲ ಅವಳು. ಮೊದಲು ಒಂದು ನಗುಮುಖದ ಚಿತ್ರ, ಆಮೇಲೆ ಬನಾರಸಿನಲ್ಲಿ ಚಳಿ ಹೇಗಿದೆ ಎಂಬ ವಿಚಾರಣೆ, ಅದರ ಕೆಳಗೆ, ಕಳೆದುಹೋದ ಕೊಡೆಯ ಸಂಭಾಷಣೆಯಲ್ಲಿ ಒಂದು ಸಣ್ಣ ತೊಡಕಿದೆ ಟೀಚರ್, ಎಂಬ ಸಾಲು. ಕಾತ್ಯಾಯನಿ ಹಾಲು ಉಕ್ಕುವುದನ್ನು ಕಾಯುತ್ತ ಒಲೆಯ ಮುಂದೆ ನಿಂತು ಅದನ್ನು ಓದಿದಳು. ಹಾಲು ಉಕ್ಕಿತು. ಉಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸುತ್ತ ಇನ್ನೊಮ್ಮೆ ಓದಿದಳು. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಯಾವುದೋ ಊರಿನ ಒಂದು ತರಗತಿಗೆ ಎಲ್ಲ ಸಂಭಾಷಣೆಗಳನ್ನೂ ಕೇಳಿಸಿ ನೋಡುತ್ತಾರೆ. ಕೊಡೆಯದಕ್ಕೆ ಮುಕ್ಕಾಲು ತರಗತಿ ತಪ್ಪು ಉತ್ತರ ಗುರುತು ಹಾಕಿತ್ತು. ಹಾಕಿದವರೆಲ್ಲ ಒಂದೇ ತಪ್ಪು ಉತ್ತರ ಹಾಕಿದ್ದರು.

ಚೀನಾದಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳು ಬರೆಯುವ ದೊಡ್ಡ ಪರೀಕ್ಷೆಗೆ ಇಂಗ್ಲಿಷ್ ಅಭ್ಯಾಸ ಪುಸ್ತಕ ಮಾಡುವ ಕಂಪನಿಯೊಂದಕ್ಕೆ ಕಾತ್ಯಾಯನಿ ಬನಾರಸಿನ ಶಿವಾಲಾದ ಈ ಬಾಡಿಗೆ ಮನೆಯಿಂದ ಪಾಠ ಬರೆದು ಕಳಿಸುತ್ತಾಳೆ. ಓದಿ ಉತ್ತರಿಸುವ ಗದ್ಯಭಾಗಗಳು, ಕೇಳಿ ಉತ್ತರಿಸುವ ಸಂಭಾಷಣೆಗಳು. ಸಾವು ಬೇಡ, ದೇವರು ಬೇಡ, ಮದ್ಯ ಬೇಡ, ಹುಡುಗ ಹುಡುಗಿಯರ ಪ್ರೇಮ ಬೇಡ ಎಂದು ಅಲ್ಲಿನ ಸಂಪಾದಕಿ ಆಲಿವ್ ಮೊದಲ ದಿನವೇ ಹೇಳಿದ್ದಳು. ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆ ಬಟ್ಟೆ ಒಣಗಿಸುವ ಹಗ್ಗದವರೆಗೂ ಬರುವ ಮನೆಯಲ್ಲಿ ಕೂತು ಅವಳು ಸಾವಿಲ್ಲದ, ದೇವರಿಲ್ಲದ ಊರುಗಳನ್ನು ಬರೆಯುತ್ತಾಳೆ. ಅಲ್ಲಿ ಜನ ಸೈಕಲ್ ರಿಪೇರಿ ಮಾಡಿಸುತ್ತಾರೆ, ಗ್ರಂಥಾಲಯಕ್ಕೆ ಪುಸ್ತಕ ಹಿಂದಿರುಗಿಸುತ್ತಾರೆ, ನಾಳೆ ಮಳೆ ಬರಬಹುದು ಎಂದು ಒಬ್ಬರಿಗೊಬ್ಬರು ಹೇಳುತ್ತಾರೆ. ಎಲ್ಲವನ್ನೂ ಎರಡು ಸಲ ಹೇಳುತ್ತಾರೆ. ಎರಡನೆಯ ಸಲವೂ ಅದೇ ತಾಳ್ಮೆ. ಆಮೇಲೆ ಸ್ವಲ್ಪ ಹೊತ್ತು ಮೌನ, ಮಕ್ಕಳು ಗುರುತು ಹಾಕಲಿಕ್ಕೆ.

ಸರಿಯುತ್ತರ ಬರೆಯುವುದು ಯಾರಿಗೂ ಬರುತ್ತದೆ. ತಪ್ಪುತ್ತರ ಬರೆಯುವುದಕ್ಕೆ ಕಸುಬು ಬೇಕು. ಪಾಠದಲ್ಲಿರುವ ಮಾತುಗಳನ್ನೇ ತೆಗೆದುಕೊಳ್ಳಬೇಕು, ಒಂದೊಂದು ಮಾತೂ ನಿಜವಿರಬೇಕು, ಎಲ್ಲ ಕೂಡಿದಾಗ ಸುಳ್ಳಾಗಬೇಕು. ಅರ್ಧಮರ್ಧ ಕೇಳಿದ ಮಗು ಅದರ ಕಡೆ ಕೈ ಚಾಚಬೇಕು, ಗಮನಕೊಟ್ಟು ಕೇಳಿದ ಮಗು ಹಿಂದೆಗೆಯಬೇಕು. ತುಮಕೂರಿನ ಕಾಲೇಜಿನಲ್ಲಿ ವರ್ಷಗಟ್ಟಲೆ ತಾತ್ಕಾಲಿಕ ಉಪನ್ಯಾಸಕಿಯಾಗಿ ಪಾಠ ಮಾಡಿದ್ದಾಗ, ಆಮೇಲೆ ಗಂಡನ ಬ್ಯಾಂಕು ವರ್ಗ ಮಾಡಿದ ಊರೂರಿಗೆ ಪಾತ್ರೆ ಕಟ್ಟಿಕೊಂಡು ಹೋಗುವಾಗ ಅವಳಿಗೆ ತನ್ನಲ್ಲಿ ಇಂಥದೊಂದು ಕೌಶಲ ಇದೆ ಎಂದು ಗೊತ್ತಿರಲಿಲ್ಲ. ನಿಮ್ಮ ತಪ್ಪುತ್ತರಗಳು ಬಹಳ ಸುಂದರ ಟೀಚರ್, ಎಂದು ಆಲಿವ್ ಒಮ್ಮೆ ಬರೆದಿದ್ದಳು. ಆ ಸಾಲನ್ನು ಕಾತ್ಯಾಯನಿ ಅಳಿಸಿರಲಿಲ್ಲ.

ಕೊಡೆಯ ಸಂಭಾಷಣೆಯಲ್ಲಿ ಕಷ್ಟದ್ದೇನೂ ಇರಲಿಲ್ಲ. ರೈಲು ನಿಲ್ದಾಣದಲ್ಲಿ ಕಳೆದ ವಸ್ತುಗಳ ಕೌಂಟರು. ಗಂಡಸೊಬ್ಬ ಬಂದು ನನ್ನ ಕೊಡೆ ಕಳೆದಿದೆ ಎನ್ನುತ್ತಾನೆ. ಯಾವ ಬಣ್ಣ ಎಂದು ಕೌಂಟರಿನ ಹೆಂಗಸು ಕೇಳುತ್ತಾಳೆ. ಕಂದು ಬಣ್ಣ, ಮರದ ಹಿಡಿ. ಎಲ್ಲಿ ಬಿಟ್ಟಿರಿ? ಕಿಟಕಿಯ ಪಕ್ಕ ಇರಬೇಕು. ಕೂತಿರಿ, ಒಳಗೆ ನೋಡಿ ಬರುತ್ತೇನೆ. ಅಷ್ಟೆ. ಮಾತಾಡುತ್ತಿರುವ ಇಬ್ಬರ ನಡುವಿನ ಸಂಬಂಧ ಏನಿರಬಹುದು? ಎ, ಸಿಬ್ಬಂದಿ ಮತ್ತು ಪ್ರಯಾಣಿಕ. ಬಿ, ಗಂಡ ಮತ್ತು ಹೆಂಡತಿ. ಸಿ, ನೆರೆಹೊರೆಯವರು. ಬಿ ಎನ್ನುವುದನ್ನು ಅವಳು ಜಾಗ ತುಂಬಲೆಂದು ಹಾಕಿದ್ದಳು, ಎಂಥ ಮಂಕು ಮಗುವೂ ಅದರ ಕಡೆ ಹೋಗುವುದಿಲ್ಲ ಎಂದುಕೊಂಡು. ಮುಕ್ಕಾಲು ತರಗತಿ ಅದನ್ನೇ ಹಿಡಿದಿತ್ತು. ಗಂಡಸಿನ ಮಾತು ಓದಿದವನು ರಾಘವ, ಅವಳ ಗಂಡ. ಹೆಂಗಸಿನದನ್ನು ಓದಿದವಳು ಮಾಲವಿಕಾ. ಬಿ ಆಯ್ಕೆ ಬದಲಿಸೋಣವೋ, ಹೆಣ್ಣು ದನಿ ಬದಲಿಸೋಣವೋ, ನೀವು ಹೇಳಿದಂತೆ ಟೀಚರ್, ಎಂದು ಆಲಿವ್ ಕೇಳಿದ್ದಳು. ಮುಂದಿನ ವರ್ಷದ ಪುಸ್ತಕಗಳಿಗೆ ಯಾರ ದನಿ ಎಂದು ನಿಶ್ಚಯಿಸುವುದೂ ಈಗಲೇ. ಸಂಜೆಯೊಳಗೆ ತಿಳಿಸಿದರೆ ಒಳ್ಳೆಯದು.

"ಕಾಫಿ ಆಯ್ತೇನೆ?" ರಾಘವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಮಫ್ಲರ್ ಸುತ್ತಿದ ಕುತ್ತಿಗೆಯ ಮೇಲೆ ಆಗತಾನೆ ಕ್ಷೌರ ಮಾಡಿಕೊಂಡ ಮುಖ ಹೊಳೆಯುತ್ತಿತ್ತು.

"ಭಾನುವಾರ ಯಾಕೆ ಬೆಳಿಗ್ಗೆಯೇ ಕ್ಷೌರ?"

"ಸುಮ್ನೆ. ಗಡ್ಡ ಇದ್ರೆ ಮೈಕಿಗೆ ತಾಗಿ ಗರಗರ ಅನ್ನುತ್ತೆ."

ಮೈಕು ಗಡ್ಡದಿಂದ ಒಂದು ಗೇಣು ದೂರದಲ್ಲಿರುತ್ತದೆ. ಅವಳು ಕಾಫಿ ಕೊಟ್ಟಳು. ಅವನು ಪೇಪರು ಹಿಡಿದು ಕೂತ. ಮನೆಯಲ್ಲಿ ಅವನು ಆಡುವ ಮಾತುಗಳನ್ನು ಅವಳು ಒಂದು ಸಂಭಾಷಣೆಯಾಗಿ ಬರೆದರೆ ಆಲಿವ್ ವಾಪಸು ಕಳಿಸುತ್ತಾಳೆ, ತೀರ ಚಿಕ್ಕದಾಯಿತು ಎಂದು. ನೀರು ಬಂತಾ. ಉಪ್ಪು ಸರಿಯಿದೆ. ಚಿತ್ರಾ ಫೋನ್ ಮಾಡಿದ್ಲಾ. ಇದ್ದ ಮಾತನ್ನೆಲ್ಲ ಬ್ಯಾಂಕಿನ ಗಿರಾಕಿಗಳಿಗೆ ಕೊಟ್ಟು ಬಂದವನ ಹಾಗೆ ಕೂತಿರುತ್ತಿದ್ದ. ಹಿಂದೆ ಗಂಡುದನಿ ಕೊಡುತ್ತಿದ್ದ ವಿದ್ಯಾರ್ಥಿ ಊರು ಬಿಟ್ಟು ಹೋದಾಗ, ಬೇರೆ ಗತಿಯಿಲ್ಲದೆ ರಾಘವನನ್ನು ಮೈಕಿನ ಮುಂದೆ ಕೂರಿಸಿದವಳು ಅವಳೇ. ಕೆರೆಯ ದಂಡೆಯ ಮೇಲೆ ಒಂದು ಸುತ್ತು ನಡೆದು ಬರೋಣವೇ ಎಂದು ಅವನು ಇಂಗ್ಲಿಷಿನಲ್ಲಿ ಓದಿದ. ಹಾಳೆಯ ಮೇಲಿನ ಸಾಲು, ಅವಳೇ ಬರೆದದ್ದು. ಆ ದನಿಯಲ್ಲಿ ಎಂಥ ಬೆಚ್ಚನೆಯ ಹಿಂಜರಿಕೆ ಇತ್ತೆಂದರೆ, ಎದುರಿಗೆ ಕೂತಿದ್ದ ಅವಳು ತನ್ನ ಸಾಲು ಮರೆತು ಅವನ ಮುಖ ನೋಡಿದ್ದಳು. 'ನಿಂದೇ ಈಗ, ಓದು,' ಎಂದು ಅವನು ಬೆರಳಲ್ಲಿ ತೋರಿಸಿದ. ಅವಳು ಓದಿದಳು. ಆ ರೆಕಾರ್ಡಿಂಗು ಕಂಪನಿಗೆ ಹೋಗಿ ಹಿಂದೆ ಬಂತು. ಗಂಡುದನಿ ಅದ್ಭುತ, ಹೆಣ್ಣುದನಿ ಬಹಳ ಶುದ್ಧ, ಆದರೆ ಮಕ್ಕಳಿಗೆ ಗದರಿಸಿದಂತೆ ಕೇಳುತ್ತದೆಯಂತೆ, ದಯವಿಟ್ಟು ಬೇಸರಿಸಬೇಡಿ ಟೀಚರ್. ಬೇಸರವೇನು, ಇಲ್ಲ, ಎಂದು ಬರೆದು, ಜಂಗಮವಾಡಿಗೆ ಹೋಗಿ ಮಾಲವಿಕಾಳನ್ನು ಕರೆತಂದವಳೂ ಅವಳೇ. ಅಲ್ಲಿನ ಮಠದ ಕಚೇರಿಯಲ್ಲಿ ಕೆಲಸ ಮಾಡುವ ಗುರುಶಾಂತಯ್ಯನವರ ಮಗಳು. ಇಲ್ಲೇ ಹುಟ್ಟಿ ಬೆಳೆದು ಕಾನ್ವೆಂಟಿನಲ್ಲಿ ಓದಿದವಳು. ಸೊಲ್ಲಾಪುರದ ಕಡೆಯ ಕನ್ನಡಕ್ಕೆ ಹಿಂದಿ ಬೆರೆಸಿ ಮಾತಾಡುವವಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಏರಿಸಬೇಕು, ಯಾವ ಸ್ವರಕ್ಕೆ ಬಾಯಿ ಎಷ್ಟು ತೆರೆಯಬೇಕು ಎಂದು ಒಂದು ಬೇಸಿಗೆಯಿಡೀ ಈ ಮೇಜಿನ ಮುಂದೆ ಕೂರಿಸಿಕೊಂಡು ಕಲಿಸಿದ್ದಳು. ಚೆನ್ನಾಗಿ ಕಲಿತಳು ಹುಡುಗಿ. ಅತಿ ಚೆನ್ನಾಗಿ.

ಗಲ್ಲಿಯ ಮಂಜಿನೊಳಗಿಂದ ಬಾಗಿಲು ಬಡಿದ ಸದ್ದಾಯಿತು. ರಾಘವ ಪೇಪರು ಮಡಚಿದ. ಕಾತ್ಯಾಯನಿ ಹೋಗಿ ತೆಗೆಯುವಷ್ಟರಲ್ಲಿ ಅವನು ಎದ್ದು ಆಗಿತ್ತು, ಎದ್ದವನು ಏನು ಮಾಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

"ಅಕ್ಕಾ, ಹಿಡೀರಿ ಹಿಡೀರಿ, ಕರಗತದ!" ಮಾಲವಿಕಾ ಎರಡು ಕೈಯಲ್ಲೂ ಮಣ್ಣಿನ ಕುಡಿಕೆಗಳನ್ನು ಹಿಡಿದು ನಿಂತಿದ್ದಳು. ಹಾಲಿನ ಹಳದಿ ನೊರೆ, ಮೇಲೆ ಪಿಸ್ತಾ. ಚಳಿಗಾಲದ ಬೆಳಗಿನಲ್ಲಿ ಮಾತ್ರ ಸಿಗುವ ಮಲೈಯೋ. "ಚೌಖಂಬಾದಿಂದ ತಂದೀನಿ. ಲೈನ್ ನೋಡ್ಬೇಕಿತ್ತು ನೀವು. ಬಾಪ್‌ರೇ!"

"ರೆಕಾರ್ಡಿಂಗಿಗೆ ಮುಂಚೆ ತಣ್ಣಗಿರೋದು ತಿಂತಾರೇನೆ? ಗಂಟಲು ಏನಾಗಬೇಕು?"

"ಇದು ನೊರೀ ಅದ ಅಕ್ಕಾ, ಗಂಟಲ ತನಕ ಹೋಗೋದೇ ಇಲ್ಲ. ಸರ್, ನೀವು ಹೇಳ್ರಿ."

"ಗಂಟಲ ತನಕ ಹೋಗುತ್ತೋ ಇಲ್ಲವೋ ನೋಡಿದ ಮೇಲೆ ಹೇಳ್ತೀನಿ," ಎಂದ ರಾಘವ. ಒಂದು ಕುಡಿಕೆ ತಿಂದ. ಕಾತ್ಯಾಯನಿ ಬೇಡವೆಂದದ್ದನ್ನೂ ತಿಂದ. ಮೀಸೆಯ ಮೇಲೆ ನೊರೆ ಅಂಟಿಕೊಂಡಿತ್ತು. ಮಾಲವಿಕಾ ತನ್ನ ಮೇಲ್ತುಟಿಯನ್ನು ಮುಟ್ಟಿ ತೋರಿಸಿದಳು, ಅವನು ಒರೆಸಿಕೊಂಡ. ಅಷ್ಟೆ. ಅದರಲ್ಲಿ ಏನಿದೆ? ಯಾರಾದರೂ ತೋರಿಸುತ್ತಾರೆ. ಅಕ್ಕ ಎಂದು ಕರೆಯುವವಳು ಅವನನ್ನು ಭಾವ ಎನ್ನಬೇಕಿತ್ತು, ಸರ್ ಎನ್ನುತ್ತಾಳೆ. ಭಾವ ಎಂದಿದ್ದರೆ ತನಗೆ ಇನ್ನೂ ಉರಿಯುತ್ತಿತ್ತು ಎಂದು ಕಾತ್ಯಾಯನಿಗೆ ಗೊತ್ತಿತ್ತು. ಅಣ್ಣ ಎಂದಿದ್ದರೆ, ಅಷ್ಟು ಜಾಣತನದಿಂದ ಅಣ್ಣ ಎನ್ನಬೇಕಾದ ಅಗತ್ಯ ಏನು ಬಿತ್ತು ಎನ್ನಿಸುತ್ತಿತ್ತು. ಯಾವ ಉತ್ತರಕ್ಕೂ ಗುರುತು ಹಾಕಲಾಗದ ಪ್ರಶ್ನೆ ತನ್ನೊಳಗೇ ಇದೆ ಎಂದು ನಾಚಿಕೆಯಾಗಿ, ಅವಳು ಕುಡಿಕೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಎರಡನ್ನೂ ಒಂದರೊಳಗೊಂದು ಇಟ್ಟಿದ್ದರು.

ಮಗಳು ಚಿತ್ರಾ ಪುಣೆಯ ಹಾಸ್ಟೆಲ್ಲಿಗೆ ಹೋದ ಮೇಲೆ ಖಾಲಿಯಾದ ಕೋಣೆಯಲ್ಲೇ ರೆಕಾರ್ಡಿಂಗು. ಗೋಡೆಗೆ, ಬಾಗಿಲಿಗೆ ಹತ್ತಿ ತುಂಬಿದ ರಜಾಯಿಗಳನ್ನು ಇಳಿಬಿಟ್ಟು ಒಳಗೆ ಒಂದು ಗವಿಯ ಹಾಗೆ ಮಾಡಿದ್ದರು. ಇಬ್ಬರಿಗೆ ಮಾತ್ರ ಜಾಗ. ಮೂರನೆಯವರು ಕೂತರೆ ಉಸಿರು ಮೈಕಿಗೆ ಬರುತ್ತದೆ ಎಂದು ಕಾತ್ಯಾಯನಿ ಅಡುಗೆಮನೆಯಲ್ಲಿ ಇರುತ್ತಾಳೆ. ಆ ಹೊತ್ತಿನಲ್ಲಿ ಕುಕ್ಕರಿಡುವಂತಿಲ್ಲ, ನಲ್ಲಿ ತಿರುಗಿಸುವಂತಿಲ್ಲ, ಹಸಿ ಬಟಾಣಿ ಸುಲಿದರೆ ಆ ಪಟಪಟ ಕೂಡ ಚೀನಾಕ್ಕೆ ಹೋಗಿ ಮುಟ್ಟುತ್ತದೆ. ತನ್ನ ಮನೆಯಲ್ಲೇ ಕಳ್ಳಿಯ ಹಾಗೆ ಕೈ ಕಟ್ಟಿ ಕೂತು, ರಜಾಯಿಯಿಂದ ಸೋಸಿ ಬರುವ ತನ್ನದೇ ಮಾತುಗಳನ್ನು ಕೇಳುತ್ತಾಳೆ. ನಿನ್ನ ತಂಗಿಗೆ ಉಡುಗೊರೆ ಏನು ತೆಗೆದುಕೊಂಡೆ? ಆ ಬಸ್ಸು ತಪ್ಪಿಹೋದರೆ ಏನು ಮಾಡೋಣ? ನೀನು ದಣಿದಿದ್ದೀಯ, ಸ್ವಲ್ಪ ಕೂತುಕೋ. ಇದನ್ನೆಲ್ಲ ಬರೆಯುವಾಗ ಯಾರ ಬಾಯಲ್ಲಿ ಕೇಳಿಕೊಂಡು ಬರೆದಿದ್ದೆ? ತನಗೆ ಯಾರಾದರೂ ಹೇಳಲಿ ಎಂದು ಕಾದಿದ್ದ ಸಾಲುಗಳನ್ನು ತಾನೇ ಅಚ್ಚುಕಟ್ಟಾಗಿ ಟೈಪು ಮಾಡಿ, ಪ್ರಿಂಟು ತೆಗೆದು, ಇನ್ನೊಬ್ಬಳ ಕೈಗೆ ಕೊಟ್ಟಂತಾಗಿತ್ತು. ಎರಡು ಸಲ ಓದಿ ಎಂದು ಸೂಚನೆ ಬೇರೆ.

ಗಲ್ಲಿಯಲ್ಲಿ ರಾಮನಾಮ ಸತ್ಯ ಹೈ ಎನ್ನುತ್ತ ಒಂದು ಹೆಣ ಬಂತು. ಒಳಗೆ ಓದು ನಿಂತಿತು. ಹೆಣ ದಾಟುವ ತನಕ ಕಾಯುವುದು ಅವರಿಗೆ ಅಭ್ಯಾಸ. ಮೊದಮೊದಲು ಅವಳೂ ಅವನೂ ಓದುತ್ತಿದ್ದಾಗ ಹೀಗೆ ನಿಲ್ಲಿಸಿದರೆ ಇಬ್ಬರೂ ತಂತಮ್ಮ ಹಾಳೆ ನೋಡಿಕೊಂಡು ಕೂರುತ್ತಿದ್ದರು. ಈಗ ಒಳಗಿನಿಂದ ಮೆಲ್ಲನೆಯ ಮಾತು ಬಂತು, ಆಮೇಲೆ ಮಾಲವಿಕಾಳ ನಗು, ತಡೆದುಕೊಂಡ ನಗು, ಹೆಣ ಹೋಗುವಾಗ ನಗಬಾರದು ಎಂದು ಬಾಯಿ ಮುಚ್ಚಿಕೊಂಡ ನಗು. ಏನು ಹೇಳಿದ? ಅವನಿಗೆ ತಮಾಷೆ ಮಾಡಲು ಬರುತ್ತದೆಯೇ? ಮದುವೆಯಾದ ಹೊಸದರಲ್ಲಿ ಗದಗಿನ ಮನೆಯಲ್ಲಿ ಅವನು ಷರ್ಟಿಗೆ ಇಸ್ತ್ರಿ ಹಾಕುತ್ತ ಏನೋ ಗುನುಗುತ್ತಿದ್ದ. ಯಾವ ಹಾಡೆಂದು ಅವಳು ಕೇಳಿದ್ದಳು. ಯಾವುದೂ ಅಲ್ಲ ಎಂದಿದ್ದ. ರಾಗ ತಪ್ಪುತ್ತಿದೆ ಎಂದು ಅವಳು ತಿದ್ದಿದ್ದಳು. ಒಳ್ಳೆಯ ಮನಸ್ಸಿನಿಂದಲೇ ತಿದ್ದಿದ್ದಳು.

ಮುಗಿದ ಮೇಲೆ ಮಾಲವಿಕಾ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತು ಬಟಾಣಿ ಸುಲಿಯತೊಡಗಿದಳು, ಸುಲಿದ ಅರ್ಧವನ್ನು ಬಾಯಿಗೆ ಹಾಕಿಕೊಳ್ಳುತ್ತ. "ಅಕ್ಕಾ, ಹೊಸಾ ಬುಕ್ಕಿನದು ಏನಾತು? ಆಲಿವ್ ಮೇಡಂ ಏನಂದ್ರು?"

"ಇನ್ನೂ ಏನೂ ಹೇಳಿಲ್ಲ."

"ಬೇಗ ಹೇಳಿದ್ರ ಛಲೋ ಆಗ್ತಿತ್ತು. ಸೊಲ್ಲಾಪುರದವರು ಮತ್ತ ಫೋನ್ ಮಾಡ್ಯಾರ. ಆ ಎರಡನೇ ಸಂಬಂಧದವರು. ಹೆಂಡತಿ ಸತ್ತು ವರ್ಷ ಆಗಿಲ್ಲ, ಎರಡು ಮಕ್ಕಳವ. ನಾ ಅಪ್ಪಗ ಹೇಳೀನಿ, ನೋಡ್ರಿ, ಒಂದು ವರ್ಷದ ಕೆಲಸ ನನ್ನ ಕೈಯಾಗ ಅದ, ಒಂದು ವರ್ಷ ಈ ಮಾತು ಎತ್ತಬ್ಯಾಡ್ರಿ ಅಂತ. ಅಪ್ಪ ಹೂಂ ಅಂದಾರ. ಅವರಿಗೂ ಮನಸ್ಸಿಲ್ಲ, ಆದ್ರ ಮಂದೀಗೆ ಹೇಳಲಿಕ್ಕೆ ಏನರೆ ಬೇಕಲ್ಲ?" ಒಂದು ಸಿಪ್ಪೆಯನ್ನು ಬೆರಳಲ್ಲಿ ಸೀಳಿ ಕಾಳುಗಳನ್ನು ಕಾತ್ಯಾಯನಿಯ ಅಂಗೈಗೆ ಸುರಿದಳು. "ತಿನ್ರಿ, ಸಕ್ಕರಿ ಇದ್ದಂಗ ಅವ."

ಸಿಹಿಯಾಗಿದ್ದವು.

"ಸೋನಾರ್‌ಪುರದ ತನಕ ಬಿಟ್ಟು ಬರ್ತೀನಿ, ಮಂಜಲ್ಲಿ ರಿಕ್ಷಾ ಸಿಗಲ್ಲ," ಎಂದು ರಾಘವ ಚಪ್ಪಲಿ ಮೆಟ್ಟಿದ. ಕಾತ್ಯಾಯನಿ ಅವರಿಬ್ಬರ ಬೆನ್ನು ಗಲ್ಲಿಯ ತಿರುವಿನಲ್ಲಿ ಬಿಳಿಯಾಗಿ ಮರೆಯಾಗುವುದನ್ನು ನೋಡಿ, ಬಾಗಿಲು ಹಾಕಿ, ರಜಾಯಿ ಸರಿಸಿ ಒಳಗೆ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಯಾರ ಕುರ್ಚಿ ಇದು? ಎದ್ದು ಇನ್ನೊಂದರಲ್ಲಿ ಕೂತಳು. ಹೆಡ್‌ಫೋನು ಹಾಕಿಕೊಂಡಳು. ಪ್ರತಿ ರೆಕಾರ್ಡಿಂಗಿನ ಕೊನೆಗೆ ಓದಿದವರು ಎದ್ದು ಹೋಗದೆ ಅರ್ಧ ನಿಮಿಷ ಸುಮ್ಮನೆ ಕೂರಬೇಕು. ಕೋಣೆಯ ಮೌನವನ್ನೂ ಹಿಡಿದುಕೊಳ್ಳಬೇಕು. ಮಕ್ಕಳು ಗುರುತು ಹಾಕುವ ಬಿಡುವಿಗೆ ಅದನ್ನೇ ಕತ್ತರಿಸಿ ತುಂಬುತ್ತಾರೆ. ಯಾವ ಮೌನವೂ ಪೂರ್ತಿ ಖಾಲಿ ಇರುವುದಿಲ್ಲ, ಆಯಾ ಕೋಣೆಯದೇ ಇರಬೇಕು, ಬೇರೆಯದನ್ನು ತುಂಬಿದರೆ ಕಿವಿಗೆ ಗೊತ್ತಾಗುತ್ತದೆ ಎಂದು ಆಲಿವ್ ಹೇಳಿಕೊಟ್ಟಿದ್ದಳು. ಕಾತ್ಯಾಯನಿ ಸಂಭಾಷಣೆಗಳನ್ನು ದಾಟಿಸಿ ನೇರ ಕೊನೆಗೆ ಹೋದಳು.

ಮೊದಲು ಏನೂ ಇರಲಿಲ್ಲ. ಕುರ್ಚಿಯ ಒಂದು ಕಿರಕು. ದೂರದಲ್ಲಿ ಯಾವುದೋ ಗಂಟೆ, ಅದನ್ನು ಅಳಿಸಬಹುದು. ಆಮೇಲೆ, ತೀರ ಕೆಳಗಿನ ದನಿಯಲ್ಲಿ, ರಾಘವ ಗುನುಗುತ್ತಿದ್ದ. ತಾನು ಗುನುಗುತ್ತಿದ್ದೇನೆ ಎಂದು ಅವನಿಗೇ ತಿಳಿದಿರಲಿಲ್ಲ, ಅದು ಕೇಳಿದರೆ ತಿಳಿಯುತ್ತಿತ್ತು. ಮೈಕು ಚಾಲೂ ಇದೆ, ಮೌನ ಹಿಡಿಯುತ್ತಿದ್ದೇವೆ ಎಂಬುದನ್ನು ಮರೆತು, ರಾಗ ತಪ್ಪಿಸುತ್ತ, ತಪ್ಪಿಸಿದ ಕಡೆ ಮತ್ತೆ ಹಿಂದೆ ಬಂದು. ಮಾಲವಿಕಾ ನಿಲ್ಲಿಸಿರಲಿಲ್ಲ. ಇದು ಕೆಡುತ್ತದೆ, ಮತ್ತೆ ಮಾಡಬೇಕಾಗುತ್ತದೆ ಎಂದು ಆ ಹುಡುಗಿಗೆ ಚೆನ್ನಾಗಿ ಗೊತ್ತು, ಕಲಿಸಿದವಳು ತಾನೇ. ಆದರೂ ಬಳೆ ಸಹ ಅಲುಗಿಸದೆ ಕೂತಿದ್ದಳು. ಅವನು ಮುಗಿಸುವ ತನಕ ಅವಳ ಉಸಿರು ಮಾತ್ರ ಇತ್ತು, ತಡೆಹಿಡಿದದ್ದಲ್ಲ, ಸಲೀಸಾದ ಉಸಿರು.

ಕಾತ್ಯಾಯನಿ ಅದನ್ನು ಎರಡನೆಯ ಸಲ ಕೇಳಿದಳು. ಅಸಭ್ಯವಾದದ್ದು ಒಂದು ಚೂರು ಸಿಕ್ಕಿದ್ದರೆ ಎಷ್ಟು ಸುಲಭವಿತ್ತು. ಒಂದು ಪಿಸುಮಾತು, ಒಂದು ಹೆಸರು. ಹಾಗಿದ್ದರೆ ಅಳಬಹುದಿತ್ತು, ಬೈಯಬಹುದಿತ್ತು, ತುಮಕೂರಿಗೆ ಫೋನು ಮಾಡಿ ಅಕ್ಕನ ಹತ್ತಿರ ಹೇಳಿಕೊಳ್ಳಬಹುದಿತ್ತು. ಏನೆಂದು ಹೇಳುವುದು? ನನ್ನ ಗಂಡ ಒಬ್ಬಳ ಎದುರು ಗುನುಗಿದ ಎಂದೇ? ಮೂರನೆಯ ಸಲ ಕೇಳುವಾಗ ಅವಳ ಮನಸ್ಸಿನಲ್ಲಿ ಆ ಶಾಲೆಯ ಮಕ್ಕಳೆಲ್ಲ ಕಾಣಿಸಿಕೊಂಡರು, ನೀಲಿ ಬಿಳಿ ಸಮವಸ್ತ್ರದಲ್ಲಿ, ತಲೆ ತಗ್ಗಿಸಿ, ಪೆನ್ಸಿಲು ಹಿಡಿದು. ಬನಾರಸು ಎಲ್ಲಿದೆಯೋ ತಿಳಿಯದ ಮಕ್ಕಳು. ಇಂಗ್ಲಿಷು ಅರ್ಧ ತಿಳಿಯುವ ಮಕ್ಕಳು. ಮಾತು ತಿಳಿಯದಿದ್ದುದರಿಂದಲೇ ಅವರು ದನಿಯನ್ನು ಕೇಳಿಸಿಕೊಂಡಿದ್ದರು. ಯಾವ ಬಣ್ಣ ಎಂದು ಮಾಲವಿಕಾ ಕೇಳಿದ ರೀತಿಯಲ್ಲಿ ಆ ಕೊಡೆಯನ್ನು ಅವಳು ಎಷ್ಟೋ ಸಲ ಕಂಡಿದ್ದಾಳೆ, ಮಡಚಿದ್ದಾಳೆ, ಒಣಗಲು ಹಾಕಿದ್ದಾಳೆ ಎಂಬಂತಿತ್ತು. ಕೂತಿರಿ ಎಂದದ್ದರಲ್ಲಿ ದಣಿದು ಬಂದವನಿಗೆ ಹೇಳುವ ಕೂತಿರಿ ಇತ್ತು. ಪರೀಕ್ಷೆಯ ಮಕ್ಕಳು ಪಾಪ, ಸರಿಯಾಗಿಯೇ ಕೇಳಿದ್ದರು.

ಅವಳು ಆಲಿವಳಿಗೆ ಬರೆಯತೊಡಗಿದಳು. ಪ್ರಶ್ನೆಯಲ್ಲಿ ದೋಷವಿಲ್ಲ. ಆಯ್ಕೆಗಳಲ್ಲೂ ದೋಷವಿಲ್ಲ. ಹೆಣ್ಣುದನಿ ಅಪರಿಚಿತಳ ದನಿಯಾಗಿ ಕೇಳುತ್ತಿಲ್ಲ, ಅಗತ್ಯಕ್ಕಿಂತ ಸಲಿಗೆಯಿದೆ. ಬಿಡುವಿನ ಮೌನದಲ್ಲೂ ಶಿಸ್ತು ಕಡಿಮೆಯಾಗುತ್ತಿದೆ, ಇವತ್ತಿನದರಲ್ಲಿ ಬೇರೆ ಸದ್ದು ಬಂದಿದೆ, ಬಳಸಲಾಗದು. ಹೊಸ ಪುಸ್ತಕಗಳಿಗೆ ಬೇರೆ ದನಿ ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಓದಿ ನೋಡಿದಳು. ಒಂದೊಂದು ವಾಕ್ಯವೂ ನಿಜವಾಗಿತ್ತು. ಯಾವುದನ್ನು ಎತ್ತಿ ಕೇಳಿದರೂ ಸಮರ್ಥಿಸಿಕೊಳ್ಳಬಹುದಿತ್ತು. ಇಷ್ಟು ಚೆನ್ನಾಗಿ ಅವಳು ಹಿಂದೆಂದೂ ಬರೆದಿರಲಿಲ್ಲ. ಕಳಿಸುವ ಮುಂಚೆ ಬೆರಳು ಒಂದು ಕ್ಷಣ ನಿಂತಿತು. ಅಂಗೈಯಲ್ಲಿ ಬಟಾಣಿಯ ಹಸಿ ವಾಸನೆ ಇನ್ನೂ ಇತ್ತು. ಹೊರಗೆ ಬಾಗಿಲ ಬಳಿ ರಾಘವನ ಕೆಮ್ಮು ಕೇಳಿತು. ಕಳಿಸಿದಳು.

"ಎಷ್ಟು ಹೊತ್ತು?" ಎಂದಳು ಬಾಗಿಲು ತೆಗೆಯುತ್ತ.

"ರಿಕ್ಷಾದವನು ಡಬಲ್ ಕೇಳ್ದ. ಮಾಲವಿಕಾ ಅವನ ಜತೆ ಭೋಜ್‌ಪುರೀಲಿ ಜಗಳ ಆಡಿ ಒಪ್ಪಿಸಿದ್ಲು. ನೋಡ್ಬೇಕಿತ್ತು ನೀನು." ಅವನು ಮಫ್ಲರು ಬಿಚ್ಚಿದ. ಮುಖದಲ್ಲಿ ಇನ್ನೂ ಆ ಜಗಳದ ಖುಷಿ ಇತ್ತು. ಇಂಥದೊಂದು ಪೂರಾ ಸುದ್ದಿಯನ್ನು ಅವನು ಮನೆಗೆ ತಂದು ಎಷ್ಟು ದಿನವಾಯಿತೋ. ತಂದದ್ದನ್ನು ಅವಳು ಕೈಚಾಚಿ ತೆಗೆದುಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಜಂಗಮವಾಡಿಗೆ ತಾನೇ ಹೋದಳು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು, ಆದರೆ ಮುಖ ನೋಡಿ ಹೇಳುವ ಧೈರ್ಯ ಇರುವವಳು ತಪ್ಪು ಮಾಡಿರುವುದಿಲ್ಲ ಎಂದು ಯಾಕೋ ಅನ್ನಿಸಿತ್ತು. ಮಠದ ಹಿಂದಿನ ಮನೆಯ ಮೆಟ್ಟಿಲು ಕಿರಿದಾಗಿತ್ತು, ಕತ್ತಲೆಯಾಗಿತ್ತು. ಗುರುಶಾಂತಯ್ಯ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಹೀಟರಿನ ಮುಂದೆ ಕೂತಿದ್ದರು. "ಬರ್ರಿ ತಾಯಿ, ಬರ್ರಿ. ನಿಮ್ಮ ಶಿಷ್ಯೆ ಇಡೀ ದಿನ ಕನ್ನಡೀ ಮುಂದ ಇಂಗ್ಲೀಷ ಒದರತಾಳ. ನಮ್ಮ ಮಠದ ಗಿಣೀನೂ ಥ್ಯಾಂಕ್ಯೂ ಅನ್ನಾಕ ಹತ್ತೇದ," ಎಂದು ನಕ್ಕು, ಮಗಳನ್ನು ಕೂಗಿ, ತಾವೇ ಚಹಾ ಮಾಡಲು ಎದ್ದು ಹೋದರು.

ಕಾತ್ಯಾಯನಿ ಹೇಳಿದಳು. ಕಂಪನಿಯವರು ಬೇರೆ ದನಿ ನೋಡುತ್ತಾರಂತೆ. ದನಿಯಲ್ಲಿ ಸಲಿಗೆ ಹೆಚ್ಚಾಯಿತು. ಮುಕ್ಕಾಲು ತರಗತಿ ತಪ್ಪು ಮಾಡಿತಂತೆ. ಎಲ್ಲ ನಿಜ. ಮಾಲವಿಕಾ ಮೊದಲು ನಕ್ಕಳು, ಮಕ್ಕಳು ಯಾವ ಉತ್ತರ ಹಾಕಿದರು ಎಂದು ಕೇಳಿದಳು. ಕಾತ್ಯಾಯನಿ ಹೇಳಲೇಬೇಕಾಯಿತು.

"ಗಂಡ ಹೆಂಡತಿ?" ಮಾಲವಿಕಾ ಬಾಯಿ ತೆರೆದಳು. ಅವಳ ಕಿವಿ ಕೆಂಪಾಯಿತು. ಒಂದು ಕ್ಷಣ ಏನೋ ಅವಳ ಮುಖದ ಮೇಲೆ ಬಂದು ಹೋಯಿತು, ಕಾತ್ಯಾಯನಿ ಅದನ್ನು ಹಿಡಿಯಲು ಮುಂದೆ ಬಾಗಿದಳು, ಅಷ್ಟರಲ್ಲಿ ಅದು ಇರಲಿಲ್ಲ. "ಶೀ. ಸರ್‌ಗೆ ಹೇಳಬ್ಯಾಡ್ರಿ ಅಕ್ಕಾ, ಏನು ತಿಳ್ಕೊತಾರ. ನಮ್ಮ ಕಾಕಾನ ವಯಸ್ಸಿನವರು." ಆಮೇಲೆ ಸೆರಗಿನ ದಾರ ಎಳೆಯುತ್ತ ಕೂತಳು. ಒಳಗೆ ಚಹಾದ ಪಾತ್ರೆಯ ಸದ್ದು. "ಮತ್ತ ಒಮ್ಮೆ ಓದಿ ಕಳಸ್ಲ್ಯಾ? ಬಿಗಿಯಾಗಿ ಓದ್ತೀನಿ. ಒಂದು ಚಾನ್ಸ್ ಕೇಳಿ ನೋಡ್ರಿ, ಬಸ್ ಒಂದೇ ಒಂದು."

"ಕೇಳಿದೆ," ಎಂದಳು ಕಾತ್ಯಾಯನಿ.

ಅದೊಂದೇ ಸುಳ್ಳು. ಉಳಿದ ನಿಜಗಳ ನಡುವೆ ಅದು ಎಷ್ಟು ಸಲೀಸಾಗಿ ಕೂತುಕೊಂಡಿತು!

"ಕೇಳೇ ಇರ್ತೀರಿ. ನನಗ ಗೊತ್ತದ, ನೀವು ನನ್ನ ಸಲುವಾಗಿ ಅವರ ಕೂಡ ಜಗಳಾನೇ ಆಡಿರ್ತೀರಿ." ಮಾಲವಿಕಾ ಅವಳ ಕೈ ಹಿಡಿದುಕೊಂಡಳು. "ನೀವ್ಯಾಕ ಮುಖ ಸಣ್ಣ ಮಾಡ್ಕೋತೀರಿ? ಹೋಗ್ಲಿ ಬಿಡ್ರಿ. ಸೊಲ್ಲಾಪುರದಾಗ ಇಂಗ್ಲಿಷ್ ಮಾತಾಡೋ ಹೆಂಡ್ತಿ ಅಂತ ಅವಗ ಭಾಳ ಮರ್ಯಾದಿ ಸಿಗತದ, ಏನು?" ಇದು ತಮಾಷೆಯಾಗಲಿಲ್ಲ. ಗುರುಶಾಂತಯ್ಯ ಚಹಾ ತಂದರು. ಮಗಳ ಮುಖ ನೋಡಿ, ಲೋಟಗಳನ್ನು ಇಟ್ಟು, ಶಾಲು ಹೊದ್ದು ಹೊರಗೆ ಹೋದರು. ಸಕ್ಕರೆ ಹೆಚ್ಚಾಗಿದ್ದ ಆ ಚಹಾವನ್ನು ಕಾತ್ಯಾಯನಿ ತಳದ ತನಕ ಕುಡಿದಳು.

ಆ ಭಾನುವಾರ ರಾತ್ರಿಯೇ ಆಲಿವ್ ಉತ್ತರಿಸಿದ್ದಳು. ಹೊಸ ಪುಸ್ತಕಗಳಿಗೆ ಹೆಣ್ಣುದನಿಯನ್ನು ಯಂತ್ರದಿಂದಲೇ ಮಾಡಿಸುತ್ತಾರಂತೆ, ಅದು ಹೇಗೂ ಯೋಚನೆಯಲ್ಲಿತ್ತು. ಕೊಡೆಯದೊಂದನ್ನು ಮಾತ್ರ ಈ ಪುಸ್ತಕಕ್ಕೆ ತುರ್ತಾಗಿ ಮಾಡಬೇಕು, ನೀವೇ ಓದಿಬಿಡಿ ಟೀಚರ್, ಕೌಂಟರಿನ ಹೆಂಗಸಿಗೆ ನಿಮ್ಮ ದನಿ ಬಹಳ ಹೊಂದುತ್ತದೆ. ಕಾತ್ಯಾಯನಿ ಅದನ್ನು ಓದಿ, ಅವಮಾನವೋ ಸಂತೋಷವೋ ತಿಳಿಯದೆ, ಸಂತೋಷವೆಂದೇ ಇಟ್ಟುಕೊಂಡಳು.

"ಮಾಲವಿಕಾ ಬರೋದಿಲ್ವಾ?" ಎಂದ ರಾಘವ.

"ಅವರೇ ಬೇಡ ಅಂದ್ರು. ಇದೊಂದು ನಾನು ಓದ್ತೀನಿ."

"ಓ," ಎಂದ. ಭಾನುವಾರ ಬಂದಾಗ ಅವನು ಕ್ಷೌರ ಮಾಡಿಕೊಂಡಿರಲಿಲ್ಲ. ಬಿಳಿ ಕೂದಲು ಗದ್ದದ ಮೇಲೆ ಮೊಳೆತಿತ್ತು. ಅವಳು ಮಾತ್ರ ರೇಷ್ಮೆಯಂಥ ಒಂದು ಹಳೆಯ ಸೀರೆ ಉಟ್ಟು, ತಾನೇಕೆ ಉಟ್ಟೆ ಎಂದು ಕೇಳಿಕೊಳ್ಳದೆ, ರಜಾಯಿಗಳ ನಡುವೆ ಅವನೆದುರು ಕೂತಳು. ಎಷ್ಟು ಹತ್ತಿರ! ಮೊಣಕಾಲು ತಾಗುವಷ್ಟು. ಇಷ್ಟು ದಿನ ಬಾಗಿಲ ಆಚೆ ಕೂತು ಊಹಿಸಿಕೊಂಡ ಗವಿ ಇದೇ. ಅವನ ಉಸಿರಿನಲ್ಲಿ ಕಾಫಿಯ ವಾಸನೆ. ನನ್ನ ಕೊಡೆ ಕಳೆದಿದೆ ಮೇಡಂ ಎಂದ ಅವನು. ದನಿಯಲ್ಲಿ ಏನೂ ಇರಲಿಲ್ಲ, ಕೊಡೆಯೂ ಇರಲಿಲ್ಲ. ಯಾವ ಬಣ್ಣ ಎಂದು ಅವಳು ಕೇಳಿದಳು, ಸಾಧ್ಯವಾದಷ್ಟು ಮೃದುವಾಗಿ. ಹೆಡ್‌ಫೋನಿನಲ್ಲಿ ತನ್ನ ದನಿ ತನಗೇ ಮರಳಿ ಬಂದಾಗ, ಹಿಂದಿನ ಬೆಂಚಿನಲ್ಲಿ ಯಾರೋ ಮಾತಾಡಿದ್ದನ್ನು ಹಿಡಿದ ಉಪನ್ಯಾಸಕಿಯ ದನಿಯಾಗಿತ್ತು ಅದು. ಕೂತಿರಿ, ನೋಡಿ ಬರುತ್ತೇನೆ. ಎರಡನೆಯ ಸಲ ಓದುವಾಗ ಅವನ ಕಣ್ಣು ಹಿಡಿಯಲು ನೋಡಿದಳು. ಅವನು ಹಾಳೆಯ ಮೇಲೆ ಬೆರಳಿಟ್ಟುಕೊಂಡು ಓದುತ್ತಿದ್ದ, ಸಾಲದ ಕಾಗದದ ಮೇಲಿನ ಷರತ್ತುಗಳನ್ನು ಗಿರಾಕಿಗೆ ಓದಿ ಹೇಳುವ ಹಾಗೆ. ಆಮೇಲೆ ಅರ್ಧ ನಿಮಿಷ ಸುಮ್ಮನೆ ಕೂತರು. ಅವಳು ಕಾದಳು. ಗಡ್ಡ ಕೆರೆದುಕೊಂಡ ಸದ್ದೂ ಬರದಂತೆ ಅವನು ಎಚ್ಚರವಾಗಿ, ನಿಯಮದ ಪ್ರಕಾರ, ಮೌನವಾಗಿದ್ದ.

ಸಂಕ್ರಾಂತಿ ಕಳೆದ ಮೇಲೆ ಆಲಿವಳ ಸಂದೇಶ ಬಂತು. ರಾಘವ ಊಟಕ್ಕೆ ಕೂತಿದ್ದ, ಕಾತ್ಯಾಯನಿ ಬಡಿಸುತ್ತಿದ್ದಳು. ಈ ಸಲ ಚಪ್ಪಾಳೆ ತಟ್ಟುವ ಕೈಗಳ ಚಿತ್ರ, ಒಂದರ ಪಕ್ಕ ಒಂದು, ಸಾಲು ತುಂಬ. ಪ್ರಶ್ನೆಯನ್ನು ಹಾಗೆಯೇ ಇಟ್ಟು ಇನ್ನೊಂದು ಶಾಲೆಯಲ್ಲಿ ಕೇಳಿಸಿದೆವು. ಬಹುತೇಕ ಇಡೀ ತರಗತಿ ಎ ಗುರುತು ಹಾಕಿತು. ಸಿ ಹಾಕಿದವರು ಯಾರೋ ಒಬ್ಬಿಬ್ಬರು. ಗಂಡ ಹೆಂಡತಿ ಎಂದು ಒಬ್ಬರೂ ಅಂದುಕೊಳ್ಳಲಿಲ್ಲ ಟೀಚರ್, ಒಬ್ಬರೂ! ಎಷ್ಟು ಸ್ಪಷ್ಟವಾಗಿ ಓದಿದ್ದೀರಿ ಇಬ್ಬರೂ. ನಿಮ್ಮ ಜೊತೆ ಓದಿದ ಆ ಮಹನೀಯರಿಗೂ ನಮ್ಮ ಅಭಿನಂದನೆ ತಿಳಿಸಿ.

"ಏನಂತೆ?" ಎಂದ ರಾಘವ.

"ಕೊಡೇದು. ಸರಿಯಾಗಿದೆಯಂತೆ."

"ಒಳ್ಳೇದಾಯ್ತು." ಅನ್ನ ಕಲೆಸಿದ. ಆಮೇಲೆ ತಟ್ಟೆ ನೋಡಿಕೊಂಡೇ, ನಾಚಿಕೊಂಡವನ ಹಾಗೆ ಕೇಳಿದ: "ಕೊನೆಗೆ ಅವನಿಗೆ ಆ ಕೊಡೆ ಸಿಗುತ್ತೇನೆ? ಅವಳು ಒಳಗೆ ಹೋಗ್ತಾಳೆ, ಅಲ್ಲಿಗೇ ಮುಗಿಸಿಬಿಟ್ಟಿದ್ದೀಯ. ಸಿಕ್ಕೇ ಸಿಗುತ್ತೆ ಅಂತ ಮಾಲವಿಕಾ ಹೇಳ್ತಿದ್ಲು."

ಕಾತ್ಯಾಯನಿ ಅದನ್ನು ಯೋಚಿಸಿರಲೇ ಇಲ್ಲ. ಇಷ್ಟು ಸಂಭಾಷಣೆ ಬರೆದವಳು, ಯಾವುದರ ಆಚೆಗೂ ಒಂದು ಹೆಜ್ಜೆ ಹೋಗಿ ನೋಡಿದವಳಲ್ಲ. ಇವರಿಬ್ಬರು ಹೋಗಿ ನೋಡಿದ್ದರು. ಹೆಣ ದಾಟುವ ಬಿಡುವಿನಲ್ಲಿ ಕೂತು, ಒಬ್ಬ ಇಲ್ಲದ ಮನುಷ್ಯನ ಇಲ್ಲದ ಕೊಡೆಯ ಬಗ್ಗೆ ಮಾತಾಡಿಕೊಂಡಿದ್ದರು. ಹುಳಿಯ ಸೌಟು ಅವಳ ಕೈಯಲ್ಲೇ ಇತ್ತು.

"ಇಲ್ಲ," ಎಂದಳು. "ಸಿಗಲ್ಲ."

ರಾಘವ ಮುಖವೆತ್ತಿ ಅವಳನ್ನು ನೋಡಿದ. ಕೌಂಟರಿನಲ್ಲಿ ನಾಳೆ ಬನ್ನಿ ಎನ್ನಿಸಿಕೊಂಡವನ ಹಾಗೆ ಮರ್ಯಾದೆಯಿಂದ ತಲೆಯಾಡಿಸಿ, ಮಜ್ಜಿಗೆಗೆ ತಟ್ಟೆ ಮುಂದೆ ಮಾಡಿದ.